ಇನ್ಸ್‌ಪೆಕ್ಟರರ ಸುತ್ತಿಗೆ

ನಾನು ಪರೇಲಿನ ಫೌಂಡ್ರಿಯಲ್ಲಿದ್ದಾಗ, ರೈಲು ಡಬ್ಬಿಯ ಬ್ರೇಕಿಗೆಂದು ಎರಕ ಹೊಯ್ದ ಯಾವ ತುಂಡೂ ಇನ್ಸ್‌ಪೆಕ್ಟರರ ಮುದ್ರೆ ಬೀಳದೆ ಗೇಟು ದಾಟುವಂತಿರಲಿಲ್ಲ. ಒಮ್ಮೆ ಒಂದು ತುಂಡಿನಲ್ಲಿ ಗಾಳಿ ಸಿಕ್ಕಿ ತೂತು ಬಿದ್ದಿತ್ತು. ಹೊರಗೆ ಲಾರಿ ಕಾಯುತ್ತಿತ್ತು. ನಾನೇ ಮೇಣಕ್ಕೆ ಕಬ್ಬಿಣದ ಪುಡಿ ಕಲಸಿ ತುಂಬಿ, ಮೇಲೆ ಕರಿಬಣ್ಣ ಬಳಿದು ಉಳಿದವುಗಳ ನಡುವೆ ಸೇರಿಸಿಬಿಟ್ಟೆ.

ಅಂದು ಇನ್ಸ್‌ಪೆಕ್ಟರಾಗಿ ಬಂದವರು ಬೆಳಗಾವಿ ಕಡೆಯ ಹಿರಿಯರು. ಒಂದೊಂದನ್ನೂ ಹಗ್ಗಕ್ಕೆ ತೂಗುಹಾಕಿಸಿ, ಕಣ್ಣು ಮುಚ್ಚಿ ಸುತ್ತಿಗೆಯಿಂದ ತಟ್ಟಿದರು. ಒಳಗೆ ಗಟ್ಟಿಯಿದ್ದವೆಲ್ಲ ಗಂಟೆಯ ಹಾಗೆ ನುಡಿದವು. ನನ್ನದೂ ಹಾಗೇ ನುಡಿಯಿತೆಂದುಕೊಂಡೆ. ಅವರು ಮಾತ್ರ ಅದನ್ನು ಸುತ್ತಲೂ ಮತ್ತೆ ಮತ್ತೆ ತಟ್ಟಿದರು.

"ಇದರ ಹೊಟ್ಯಾಗ ಏನೋ ಐತ್ರಿ," ಎಂದು ಸೀಮೆಸುಣ್ಣದಲ್ಲಿ ಒಂದು ಸುತ್ತು ಬರೆದರು. ಸರಿಯಾಗಿ ಮೇಣದ ಮೇಲೆಯೇ.

ಉಳಿದವಕ್ಕೆ ಮುದ್ರೆ ಒತ್ತಿದರು. ಯಾರ ಕೆಲಸವೆಂದು ಕೇಳಲಿಲ್ಲ. ಹೊರಡುವಾಗ ನನ್ನ ಬೆನ್ನನ್ನು ಮೆಲ್ಲಗೆ ಎರಡು ಸಲ ತಟ್ಟಿದರು. ಯಾವ ಸದ್ದು ಬಂತೆಂದು ಹೇಳಲಿಲ್ಲ.