ಅವರಿಗೇ ಮೊದಲು ಹೇಳಬೇಕಿತ್ತು

ಆಂಟಿಯ ಎಡಗೈ ಬಲಗೈಗಿಂತ ಎರಡು ಬಣ್ಣ ಕಪ್ಪಗಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ, ಬಳೆ ಕೂರುವ ಜಾಗವೊಂದನ್ನು ಬಿಟ್ಟು, ತುಸು ಸೀದ ರೊಟ್ಟಿಯ ಬಣ್ಣ. ಡ್ರೈವರ್ ಕಡೆಯ ಕಿಟಕಿಯಿಂದ ಸ್ಯಾನ್ ಡಿಯೇಗೋದ ಬಿಸಿಲು ವರ್ಷಗಟ್ಟಲೆ ಬಿದ್ದು ಹಾಗಾಗಿತ್ತು. ಕ್ರೀಮ್ ಹಚ್ಚಿಕೊಳ್ಳಿ ಎಂದು ಯಾರಾದರೂ ಅಂದರೆ, "ಇರಲಿ ಬಿಡ್ರಿ. ಆ ಕಾರ್ಡಿನ್ಯಾಗಿನ ಫೋಟೋಕ್ಕಿಂತ ಇದ ಛಲೋ ಲೈಸೆನ್ಸು" ಎನ್ನುತ್ತಿದ್ದರು.

ಅವರು ಧಾರವಾಡದವರು. ಗಂಡ ಇದ್ದಷ್ಟು ಕಾಲ, ಕ್ಯಾಲಿಫೋರ್ನಿಯಾದಲ್ಲಿ ಇಪ್ಪತ್ತು ವರ್ಷ ಕಳೆದರೂ, ಸ್ಟಿಯರಿಂಗ್ ಮುಟ್ಟಿರಲಿಲ್ಲ. ಕಲಿಯುತ್ತೇನೆ ಎಂದಾಗಲೆಲ್ಲ ಆತ "ನಾ ಅದೀನಲ್ಲ" ಎನ್ನುತ್ತಿದ್ದನಂತೆ. "ಒಳ್ಳೆ ಮನಶ್ಯಾ. ನಾ ಅದೀನಲ್ಲ, ನಾ ಅದೀನಲ್ಲ ಅಂತ ಅಂದಂದ, ಒಂದಿನ ಇಲ್ಲದಂಗ ಆಗಿಬಿಟ್ಟ" ಎಂದು ಆಂಟಿ ನಗುತ್ತಿದ್ದರು. ಆತ ಹೋದ ಮೇಲೆ ಒಂದು ತಿಂಗಳು ಪಕ್ಕದ ಮನೆಯವರನ್ನು ಕೇಳಿ ಕೇಳಿ ಹಾಲು ತರಿಸಿಕೊಂಡರು. ನಲವತ್ತೊಂಬತ್ತನೇ ವಯಸ್ಸಿನಲ್ಲಿ, ಮೂರು ಸಲ ಟೆಸ್ಟ್ ಫೇಲಾಗಿ, ನಾಲ್ಕನೇ ಸಲ ಲೈಸೆನ್ಸ್ ತಗೊಂಡರು. ಆಮೇಲೆ ನಮ್ಮ ಬಡಾವಣೆ ಕಾರ್ಮೆಲ್ ವ್ಯಾಲಿಗೆ ಗಂಡನ ವೀಸಾದ ಮೇಲೆ ಬಂದಿಳಿದ ಕನ್ನಡದ ಹೆಣ್ಣುಮಕ್ಕಳಿಗೆಲ್ಲ ಡ್ರೈವಿಂಗ್ ಕಲಿಸಿದರು.

ನಾನು ಹಾಗೆ ಬಂದವಳು, ೨೦೦೪ರಲ್ಲಿ. ಎಂ.ಎಸ್ಸಿ. ಓದಿದ್ದರೂ ಕೆಲಸ ಮಾಡುವಂತಿರಲಿಲ್ಲ, ಕಾರಿಲ್ಲದೆ ಎಲ್ಲಿಗೂ ಹೋಗುವಂತಿರಲಿಲ್ಲ. ಭಾನುವಾರ ಶಾಲೆಯ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ನಮ್ಮ ಪಾಠ.

"ಏ ತಂಗಿ, ಅದು ಬ್ರೇಕು, ರೊಟ್ಟಿ ಅಲ್ಲ. ಅಷ್ಟ್ಯಾಕ ಬಡೀತಿ?"

ಮೊದಲ ಟೆಸ್ಟಿನಲ್ಲಿ ಫೇಲಾಗಿ ಬಂದ ಮೇಲೆ, ಸ್ಟಾಪ್ ಬೋರ್ಡಿನ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂದು ಕೇಳಿದೆ. "ಒಡಪು ಕಟ್ಟಿ ಗಂಡನ ಹೆಸರು ಹೇಳೂವಷ್ಟು ಹೊತ್ತು" ಎಂದರು. ನಾವು ಗಂಡನನ್ನು ಹೆಸರು ಹಿಡಿದೇ ಕರೆಯುತ್ತೇವೆ ಆಂಟಿ, ಎಂದೆ. "ಅದಕ್ಕ ನೀ ಫೇಲ್ ಆಗಿದ್ದು."

ಅವರ ಒಂದು ನಿಯಮ ಮಾತ್ರ ಗಟ್ಟಿ. ಕಲಿಯುವವಳ ಸ್ಟಿಯರಿಂಗಿಗೆ ಎಂದೂ ಕೈ ಹಾಕುತ್ತಿರಲಿಲ್ಲ. ನಾನು ಕಲ್ಲಿನ ಅಂಚಿಗೆ ಟೈರು ಉಜ್ಜಿದಾಗಲೂ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. "ಹೇಳತೇನಿ, ಮುಟ್ಟೂದಿಲ್ಲ. ಗಾಡಿ ನಿಂದು."

ಮರುವರ್ಷ, ನನಗೂ ಲೈಸೆನ್ಸ್ ಸಿಕ್ಕಿದ ಮೇಲೆ, ಒಂದು ಶನಿವಾರ ಮಧ್ಯಾಹ್ನ ಇಬ್ಬರೂ ಲಾಸ್ ಏಂಜಲೀಸ್ ಕಡೆಯ ನಮ್ಮವರ ಅಂಗಡಿಗಳಿಂದ ಜೋಳದ ಹಿಟ್ಟು ತೆಗೆದುಕೊಂಡು ವಾಪಸು ಬರುತ್ತಿದ್ದೆವು. ಒಂದು ಕಡೆ ಸೈನ್ಯದ ಬಯಲು, ಇನ್ನೊಂದು ಕಡೆ ಸಮುದ್ರ. ಹತ್ತಾರು ಮೈಲಿ ಊರಿಲ್ಲದ ಫ್ರೀವೇ. ಆಂಟಿ ಬಲತುದಿಯ ಲೇನಿನಲ್ಲಿ ಓಡಿಸುತ್ತಿದ್ದರು. "ಪುಂಡಿಪಲ್ಯ ಇಲ್ಲೆ ಸಿಗೂದಿಲ್ಲ, ಅದಕ್ಕ ನಾ ಏನ ಮಾಡತೇನಿ ಅಂದ್ರ" ಎಂದವರ ಮಾತು ಅಲ್ಲಿಗೇ ನಿಂತಿತು. ಮುಂದಿನ ಮಾತಿಗೆ ಕಾದೆ. ತಿರುಗಿ ನೋಡಿದರೆ ಕಣ್ಣು ತೆರೆದೇ ಇತ್ತು. ತುಟಿಗಳು ಎಲೆಯಡಿಕೆ ಮೆಲ್ಲುವಂತೆ ಆಡುತ್ತಿದ್ದವು. ಆಂಟಿ ಎಂದೆ. ಮತ್ತೆ ಕೂಗಿದೆ. ಕಾರು ಬಲಕ್ಕೆ ಸರಿಯಿತು, ಟೈರಿನ ಕೆಳಗೆ ರಸ್ತೆಯಂಚಿನ ಗೀರುಗಳು ಗುರ್ರೆಂದವು.

ನಾನು ಸ್ಟಿಯರಿಂಗ್ ಹಿಡಿದೆ. ಗೇರನ್ನು ನ್ಯೂಟ್ರಲ್‌ಗೆ ತಳ್ಳಿದೆ. ಎಡಗಡೆ ಒಂದು ಲಾರಿ ಹಾರ್ನ್ ಒತ್ತುತ್ತಾ ಹಾದುಹೋಯಿತು, ಅದರ ಗಾಳಿಗೆ ಕಾರು ಅಲುಗಿತು. ಅಂಚಿನ ಬೇಲಿ ನನ್ನ ಕಿಟಕಿಗೆ ಕೈಯಳತೆಯಲ್ಲಿತ್ತು. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸುವಷ್ಟರಲ್ಲಿ ಅರ್ಧ ನಿಮಿಷ ಆಗಿರಬಹುದು. ಆ ಅರ್ಧ ನಿಮಿಷ ನನ್ನಲ್ಲಿ ಇನ್ನೂ ಮುಗಿದಿಲ್ಲ. ಪಾತ್ರೆ ತೊಳೆಯುವಾಗ ಬರುತ್ತದೆ, ಯಾರೋ ಮಾತು ಅರ್ಧಕ್ಕೆ ನಿಲ್ಲಿಸಿದರೆ ಬರುತ್ತದೆ.

ಆಂಟಿ ನನ್ನ ಕಡೆ ತಿರುಗಿದರು. "ಯಾಕ ನಿಂತೇವಿ? ಏನಾತು?"

ಅವರಿಗೆ ಏನೂ ನೆನಪಿರಲಿಲ್ಲ. ಆ ಮುಖದ ಗಾಬರಿ ನೋಡಿ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. "ಏನಿಲ್ಲ ಆಂಟಿ. ಸ್ವಲ್ಪ ತಲೆ ಸುತ್ತಿದ ಹಾಗಾಯ್ತು ನಿಮಗೆ. ನಿದ್ದೆ ಕಡಿಮೆ ಇರ್ಬೇಕು. ನಾನು ಓಡಿಸ್ತೀನಿ, ಈ ಕಡೆ ಬನ್ನಿ" ಎಂದೆ.

ಅವರು ನಂಬಿದರು.

ಆಂಟಿ ವಾರದ ದಿನ ಬೆಳಿಗ್ಗೆ, ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರ ಮೂರು ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದರು. ಸೋಮವಾರ, ಮಂಗಳವಾರ ಎರಡೂ ದಿನ ಆ ಕಾರು ಹೋಗುವುದನ್ನು ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಬಾಯಿ ಬಿಡಲಿಲ್ಲ. ಮಂಗಳವಾರ ಅವರ ಹೆಸರಿನಲ್ಲಿ ನಾನೇ ಡಾಕ್ಟರ ಅಪಾಯಿಂಟ್‌ಮೆಂಟ್ ಮಾಡಿದೆ. "ಬಿ.ಪಿ. ಚೆಕ್ ಮಾಡಿಸ್ಕೊಂಡು ಬರೋಣ" ಎಂದು ಅಂದೇ ಸಂಜೆ ಕರೆದುಕೊಂಡು ಹೋದೆ.

ಡಾಕ್ಟರು ಏನು ತೊಂದರೆ ಎಂದು ಕೇಳಿದರು. ಆಂಟಿ ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಹೇಳಿದರು: ಶನಿವಾರ ಒಂದಿಷ್ಟು ತಲೆ ಸುತ್ತು ಬಂದಿತ್ತು, ನಿದ್ದೆ ಸಾಲದು, ಅಷ್ಟೇ. ಡಾಕ್ಟರು ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದರು. ಆಗ ನಾನು ಹೇಳಿದೆ, ತಲೆ ಸುತ್ತಲ್ಲ, ಇವರಿಗೆ ಎಚ್ಚರವೇ ಇರಲಿಲ್ಲ, ಕಾರು ಓಡಿಸುತ್ತಿದ್ದರು.

ಡಾಕ್ಟರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ಅಲ್ಲಿಂದ ಮುಂದೆ ಎಲ್ಲ ಪ್ರಶ್ನೆಯೂ ನನಗೇ. ಎಷ್ಟು ಹೊತ್ತು, ತುಟಿ ಹೇಗೆ ಆಡಿತು, ಆಮೇಲೆ ಹೇಗಿದ್ದರು. ಆಂಟಿ ಪರೀಕ್ಷೆಯ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತು, ಮಾತಾಡುವವರ ಮುಖವನ್ನು ಒಂದೊಂದಾಗಿ ನೋಡುತ್ತಿದ್ದರು. ಹೀಗೆ ಎಚ್ಚರ ತಪ್ಪುವವರ ವಿಷಯ ಡಾಕ್ಟರು ಸರಕಾರಕ್ಕೆ ತಿಳಿಸಲೇಬೇಕೆಂಬ ಕಾಯಿದೆ ಈ ರಾಜ್ಯದಲ್ಲಿದೆ. ತಿಳಿಸುತ್ತೇನೆಂದು ಅವರು ಹೇಳಿದರು. ಅದನ್ನೂ ನನ್ನನ್ನು ನೋಡಿಯೇ ಹೇಳಿದರು.

ಹೊರಗೆ ಕಾರಿನ ಹತ್ತಿರ ಆಂಟಿ ಬಾಗಿಲು ತೆರೆಯದೆ ನಿಂತರು.

"ನಾ ಕೇಳಿದ್ನಲ್ಲ ನಿನ್ನ, ಏನಾತು ಅಂತ?"

"ನಿಮಗೆ ಭಯ ಆಗುತ್ತೆ ಅಂತ ಆಂಟಿ."

"ಭಯಾನೂ ನಂದಲ್ಲೇನು? ಮೂರು ಕೂಸಿನ್ನ ಹಿಂದ ಕೂಡಿಸ್ಕೊಂಡು ಎರಡು ದಿನ ಓಡಿಸೇನಿ. ಗೊತ್ತಿದ್ರ ನಾ ಕೀಲಿ ಮುಟ್ಟತಿದ್ನೇನು? ನನ್ನ ಸುದ್ದಿ ನನಗಿಂತ ಮೊದಲು ಆ ಡಾಕ್ಟರಗ ಗೊತ್ತಾತು. ಮ್ಯಾಲೆ ನಾ ಸುಳ್ಳಿ ಆದೆ."

ನನಗೆ ಅಳು ಬಂತು. "ನೀವು ಎಲ್ಲಿಗೆ ಹೋಗ್ಬೇಕಂದ್ರೂ ನಾನಿದ್ದೀನಲ್ಲ ಆಂಟಿ" ಎಂದೆ. ಬಾಯಿಂದ ಬಿದ್ದ ಮೇಲೆ ಕೇಳಿಸಿತು ಏನು ಅಂದೆನೆಂದು. ಅವರು ಹಿಂದಿನ ಸೀಟಿನ ಬಾಗಿಲು ತೆರೆದು ಕೂತರು.

ಲೈಸೆನ್ಸ್ ಹೋಯಿತು. ಸ್ಕ್ಯಾನಿನಲ್ಲಿ ತಲೆಯೊಳಗೆ ಗಡ್ಡೆ ಕಂಡಿತು. ಲಾಸ್ ಏಂಜಲೀಸ್ ಪಕ್ಕದ ವಾಲ್‌ನಟ್ ಊರಿನಲ್ಲಿದ್ದ ಅವರ ಮಗ ಬಂದು ಮನೆ ಖಾಲಿ ಮಾಡಿಸಿ, ತನ್ನಲ್ಲಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದ. ಎಲ್ಲರೂ ನನಗೆ ಹೇಳಿದರು, ನೀನು ಹೇಳಿದ್ದರಿಂದ ಬದುಕಿದರು ಎಂದು. ಡಾಕ್ಟರಿಗೆ ಹೇಳಿದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಶನಿವಾರದಿಂದ ಮಂಗಳವಾರದವರೆಗಿನ ನನ್ನ ಮೌನಕ್ಕೆ ಮಾತ್ರ ಉತ್ತರ ಸಿಕ್ಕಿಲ್ಲ. ಆಂಟಿ ಫೋನಿನಲ್ಲಿ ಮಾತಾಡುತ್ತಿದ್ದರು, ಮೊದಲಿನ ಹಾಗಲ್ಲ. "ಇಲ್ಲೆ ಎಲ್ಲಾ ಛಲೋ ಐತಿ. ಸ್ವೆಟರ್ ಹಾಕ್ಕೋ ಅಂತಾರ, ಹಾಕ್ಕೋತೇನಿ. ತೆಗಿ ಅಂತಾರ, ತೆಗೀತೇನಿ."

೨೦೦೭ರಲ್ಲಿ ಗಡ್ಡೆ ಮತ್ತೆ ಬೆಳೆಯಿತು. ನೋಡಲು ಲಾಸ್ ಏಂಜಲೀಸಿನ ಆಸ್ಪತ್ರೆಗೆ ಹೋದಾಗ ಮಗ ಕಾರಿಡಾರಿನಲ್ಲಿ ನನ್ನನ್ನು ತಡೆದ. "ಇನ್ನೊಂದು ತಿಂಗಳು ಅಂದಿದಾರೆ. ಅಮ್ಮನಿಗೆ ಇನ್‌ಫೆಕ್ಷನ್ ಅಂತ ಹೇಳಿದೀನಿ. ಪ್ಲೀಸ್, ನೀವೂ ಹಾಗೇ ಹೇಳಿ. ತಡ್ಕೊಳ್ಳೋಲ್ಲ ಅವರು." ಅವನ ಕಣ್ಣು ಊದಿತ್ತು. ಕೆಟ್ಟ ಮಗನಲ್ಲ. ನಾನು ತಲೆಯಾಡಿಸಿ ಒಳಗೆ ಹೋದೆ.

ಆಂಟಿ ಕುಶಲ ಕೇಳಲಿಲ್ಲ. "ಹೊರಗ ಏನಂದಾ ಅವಾ?" ಎಂದರು.

ನಾನು ಕುರ್ಚಿ ಎಳೆದುಕೊಂಡು ಕೂತೆ. ಗಡ್ಡೆ ಮತ್ತೆ ಬಂದಿದೆ ಆಂಟಿ, ಎಂದೆ. ಒಂದು ತಿಂಗಳು ಅಂದಿದ್ದಾರೆ, ಎಂದೆ.

ಅವರು ಕಣ್ಣು ಮುಚ್ಚಿದರು. ಕಣ್ಣು ಬಿಟ್ಟಾಗ ಮುಖ ಗಟ್ಟಿಯಾಗಿತ್ತು. "ಅವನ್ನ ಒಳಗ ಕಳಸು. ನೀ ಹೇಳಬ್ಯಾಡ, ನಾನ ಹೇಳತೇನಿ."

ಬಾಗಿಲಿನ ಗಾಜಿನಲ್ಲಿ ಅವರು ಮಗನ ಮಣಿಕಟ್ಟು ಹಿಡಿದು ಮಾತಾಡುವುದು ಕಾಣುತ್ತಿತ್ತು. ಅವನು ತಲೆ ಬಗ್ಗಿಸಿ ನಿಂತಿದ್ದ. ಏನು ಹೇಳಿದರೋ ನನಗೆ ತಿಳಿಯದು. ಹೊರಗೆ ಬಂದವನು ನನ್ನನ್ನು ನೋಡದೆ ಲಿಫ್ಟಿನ ಕಡೆ ನಡೆದ.

ಆಂಟಿ ಮೂರು ವಾರ ಇದ್ದರು. ಹೋದ ಸುದ್ದಿ ನನಗೆ ತಿಳಿದದ್ದು ನಾಲ್ಕು ದಿನದ ಮೇಲೆ, ಅಂಗಡಿಯಲ್ಲಿ ತರಕಾರಿ ಆರಿಸುತ್ತಿದ್ದ ಇಬ್ಬರು ಹೆಂಗಸರ ಮಾತಿನಿಂದ. ಬುಟ್ಟಿ ಅಲ್ಲೇ ಇಟ್ಟು ಹೊರಗೆ ಬಂದು ಮಗನಿಗೆ ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು.