ಸಹಾಯಕಿ ಎಂಬ ಪದ

ಊದಿಕೊಂಡ ನನ್ನ ಕಾಲಿನಲ್ಲಿ, ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ, ಹೆಬ್ಬೆರಳಿನಷ್ಟು ಒಂದು ಗುಳಿ. ಕಳೆದ ವಾರ ಪಾಂಡವಪುರದ ಆಸ್ಪತ್ರೆಯಲ್ಲಿ ವೈದ್ಯರು ಒತ್ತಿ ಬಿಟ್ಟದ್ದು. ಅದು ನಿಧಾನವಾಗಿ ತುಂಬಿಕೊಳ್ಳುವುದನ್ನು ನೋಡುತ್ತ ಕುಳಿತಾಗ ನಮ್ಮೂರ ನರ್ಸಮ್ಮ ನೆನಪಾದರು. ತೊಂಬತ್ತರ ದಶಕದಲ್ಲಿ, ಚಿನಕುರಳಿಯ ಆಚೆಗಿನ ನಮ್ಮೂರಿನಲ್ಲಿ, ಬಸುರಿಯರ ಕಾಲನ್ನು ಅವರು ಹೀಗೆಯೇ ಒತ್ತಿ ನೋಡುತ್ತಿದ್ದರು. ಜಗಲಿಯಲ್ಲಿ, ಹಿತ್ತಿಲಲ್ಲಿ, ರಾಗಿ ಕಣದಲ್ಲಿ... ಸಿಕ್ಕಲ್ಲೇ.

ಅವರು ನಾಗಮಂಗಲದ ಕಡೆಯವರು. ಹತ್ತನೆಯ ತರಗತಿಯ ಮೇಲೆ ಸರ್ಕಾರಿ ತರಬೇತಿ ಶಾಲೆಯಲ್ಲಿ ಒಂದೂವರೆ ವರ್ಷ ಕಲಿತು ಬಂದಿದ್ದರು. ಅವರ ಕೊಠಡಿಯ ಬಾಗಿಲ ಮೇಲೆ ‘ಕಿರಿಯ ಮಹಿಳಾ ಆರೋಗ್ಯ ಸಹಾಯಕಿ’ ಎಂದು ಬರೆದಿತ್ತು. ನಾನು ಹಿಡಿದುಕೊಂಡದ್ದು ಆ ಕೊನೆಯ ಪದವನ್ನು.

“ಸಹಾಯಕಿ ಅಂತ ಬರ್ದವ್ರಲ್ಲವ್ವ, ಅಂಗಾರೆ ನಿಜವಾದ ನರ್ಸು ಯಾರು?” ಎಂದು ಹಾಲಿನ ಡೈರಿಯ ಮುಂದೆ, ನಾಲ್ಕು ಜನರೆದುರು ಕೇಳಿದೆ.

ಅವರು ನಕ್ಕರು. “ನೀವು ಮಲೀಕಂಡ್ಮೇಲೆ ನೋಡೋರು ಅವ್ರು, ಯಜಮಾನ್ರೆ. ಮಲಗ್ದಂಗೆ ನೋಡ್ಕಳಕ್ಕೆ ನಾನಿವ್ನಿ. ನಮ್ ಟ್ರೈನಿಂಗಲ್ಲಿ ಹಳ್ಳೀಲೇ ಇರ್ಸಿದ್ರು. ಕರೀದಿದ್ರೂ ಮನೆ ಬಾಗ್ಲಿಗೆ ಓಗೋದೇ ಒಂದು ಪಾಠ.”

“ಆ ಪಾಠ ನಮ್ಮೂರ ನಾಯಿಗೂ ಗೊತ್ತು ಬುಡವ್ವ!” ಎಂದರು ಯಾರೋ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಏಳನೆಯ ತರಗತಿಗೇ ಶಾಲೆ ಬಿಟ್ಟು, ಸಿಕ್ಕಿದ್ದನ್ನು ಓದಿ ತಿಳಿದುಕೊಂಡವನು ನಾನು. ಶ್ರೀರಂಗಪಟ್ಟಣದ ಕೋಟೆಯ ಬಗ್ಗೆ ಗೈಡುಗಳು ಹೇಳುವ ಕಥೆಯನ್ನು ಕೂಡ ಪ್ರಶ್ನಿಸದೆ ಬಿಟ್ಟವನಲ್ಲ. ಆದರೆ ಮೂರು ವರ್ಷ ಕಲಿತ ನರ್ಸುಗಳು ಒಂದೂವರೆ ವರ್ಷ ಕಲಿತವರಿಗಿಂತ ಇಮ್ಮಡಿ ಬಲ್ಲರು ಎಂಬ ನಂಬಿಕೆಯನ್ನು ಮಾತ್ರ ಹಾಗೆಯೇ ನುಂಗಿದೆ. ಯಾರು ಏನನ್ನು, ಎಲ್ಲಿ ನಿಂತು ಕಲಿತರು ಎಂದು ಕೇಳಲಿಲ್ಲ. ‘ಊರಿಗೆ ಸಹಾಯಕಿ ಸಾಲದು, ಪೂರ್ಣ ನರ್ಸ್ ಬೇಕು’ ಎಂದು ಅರ್ಜಿ ಬರೆದು, ಊರವರಿಂದ ರುಜು ಹಾಕಿಸಿ ಕಳುಹಿಸಿದೆ. ನರ್ಸಮ್ಮನಿಗೆ ಕೆ.ಆರ್. ಪೇಟೆ ತಾಲ್ಲೂಕಿಗೆ ವರ್ಗವಾಯಿತು.

ಹೊರಡುವ ದಿನ ಅವರು ನಮ್ಮ ಬಾಗಿಲಿಗೆ ಬಂದರು. ಸೊಸೆ ಗದ್ದೆಯ ಕಡೆ ಹೋಗಿದ್ದಳು.

“ನಿಮ್ ಸೊಸೆಗೆ ಏಳ್ನೇ ತಿಂಗ್ಳು. ಕಾಲು ಊದ್ಕತಾ ಐತೆ, ಬಿ.ಪಿ. ನೋಡುಸ್ಬೇಕು. ಮರೀಬ್ಯಾಡಿ ಯಜಮಾನ್ರೆ.”

“ಬರೋ ನರ್ಸು ನೋಡ್ಕತಾರೆ ಬುಡವ್ವ,” ಎಂದೆ. ಕೂರಲೂ ಹೇಳಲಿಲ್ಲ.

ಬಂದ ನರ್ಸ್ ದೊಡ್ಡ ಆಸ್ಪತ್ರೆಯೊಂದರ ಶಾಲೆಯಲ್ಲಿ ಮೂರು ವರ್ಷ ಕಲಿತವರು. ಗಾಯ ಕಟ್ಟುವುದಿರಲಿ, ಸೂಜಿ ಹಾಕುವುದಿರಲಿ, ಕೈ ಬಲು ಅಚ್ಚುಕಟ್ಟು. ಆದರೆ ಅವರ ವಿದ್ಯೆ ರೋಗಿಯ ಮಂಚದ ಪಕ್ಕದಲ್ಲಿ ಬೆಳೆದದ್ದು. ಬಂದವರನ್ನು ಚೆನ್ನಾಗಿ ನೋಡುತ್ತಿದ್ದರು. ಬಾರದವರನ್ನು ಹುಡುಕಿಕೊಂಡು ಹೋಗುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಅದಕ್ಕೆಂದೇ ಕಲಿತು ಬಂದವರ ಜಾಗ ಖಾಲಿಯೇ ಉಳಿಯಿತು.

ನರ್ಸಮ್ಮನ ಮಾತನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬಸುರಿಗೆ ಊತ ಸಹಜ ಎಂದರು ಹೆಂಗಸರು. ಎಂಟನೆಯ ತಿಂಗಳಲ್ಲಿ ಸೊಸೆಗೆ ಫಿಟ್ಸ್ ಬಂತು. ಟ್ರಾಕ್ಟರಿನಲ್ಲಿ ಪಾಂಡವಪುರ, ಅಲ್ಲಿಂದ ಮಂಡ್ಯ. ಅವಳು ಉಳಿದಳು. ಮಗು...

“ಒಂದ್ಸಲನಾದ್ರೂ ನನ್ನ ಹತ್ರ ಕರ್ಕೊಂಡು ಬರಬಾರದಿತ್ತಾ ಸರ್?” ಎಂದು ಕೇಳಿದರು ಹೊಸ ನರ್ಸ್. ತಪ್ಪು ಅವರದಾಗಿರಲಿಲ್ಲ.

ಊರಿಗೆ ‘ದೊಡ್ಡ ನರ್ಸ್’ ತಂದವರೆಂದು ಇಂದಿಗೂ ಸಭೆಗಳಲ್ಲಿ ನನಗೆ ಹಾರ ಹಾಕುತ್ತಾರೆ. ಊರು ಹೇಳುವ ಈ ಕಥೆಯನ್ನೂ ನಂಬಬೇಡಿ. ನರ್ಸಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದ ಕಡೆ ಬಹಳ ಕಾಲ ದುಡಿದು, ನಿವೃತ್ತರಾಗಿ ತೀರಿಕೊಂಡರೆಂದು ತಡವಾಗಿ ತಿಳಿಯಿತು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಹಿಂದಿರುಗಬಹುದಾದ ದೂರ... ಅಷ್ಟು ವರ್ಷ ಹೋಗಲಿಲ್ಲ.

ನನ್ನ ಬರಹಗಳನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಶುದ್ಧಪ್ರತಿ ಮಾಡಿಕೊಡುವವಳು ಸೊಸೆ. ಅರ್ಜಿಯ ವಿಷಯ ಅವಳಿಗೂ ಗೊತ್ತು. ಆ ದಿನ ಬಾಗಿಲಲ್ಲಿ ನರ್ಸಮ್ಮ ನನಗೆ ಹೇಳಿ ಹೋದದ್ದು ಗೊತ್ತಿಲ್ಲ. ಇದೊಂದನ್ನು ಮಾತ್ರ ನಾನೇ ಪ್ರತಿ ಮಾಡಿದ್ದೇನೆ.