ಚಕ್ಕಡಿ ಹತ್ತಿದ ಹರಕೆ

ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಮೊಣಕಾಲು ಹಿಡಿದುಕೊಂಡು ನಿಲ್ಲುತ್ತೇನೆ. ನಾನು ಚಿಕ್ಕವಳಿದ್ದಾಗ ನಮ್ಮ ಅಕ್ಕಿಆಲೂರಿನಲ್ಲಿ ನಡೆಯುವುದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ; ಹೋಗಬೇಕಾದಲ್ಲಿಗೆ ಹೋಗುತ್ತಿದ್ದರು, ಅಷ್ಟೇ. ಭತ್ತದ ಸುಗ್ಗಿ ಮುಗಿದ ಮೇಲೆ ನಮ್ಮ ಓಣಿಯ ಹೆಂಗಸರು ಐದು ಹಣಮಪ್ಪನ ಗುಡಿಗಳ ಸುತ್ತಿಗೆ ಹೊರಡುತ್ತಿದ್ದರು. ನಮ್ಮೂರಿನ ಹಣಮಪ್ಪನಿಗೆ ಕೈ ಮುಗಿದು, ಚಿಕ್ಕೇರೂರಿನ ಕಡೆಯಿಂದ ಬಳಸಿ, ಹಾನಗಲ್ಲು ಮುಟ್ಟಿ, ಮತ್ತೆ ನಮ್ಮೂರಿನ ಗುಡಿಗೇ ಬಂದು ಸೇರುವ ಮೂರು ದಿನದ ಬರಿಗಾಲ ಪ್ರದಕ್ಷಿಣೆ ಅದು.

ಅಜ್ಜಿ ನನ್ನನ್ನು ಕರೆದುಕೊಂಡು ಹೋದದ್ದು ಒಂದೇ ಸಲ, ನನಗೆ ಒಂಬತ್ತು ವರ್ಷವಿದ್ದಾಗ. ಮೂರು ತುಂಬಿದರೂ ನಾನು ಹೆಜ್ಜೆ ಇಟ್ಟಿರಲಿಲ್ಲವಂತೆ. "ಈ ಕೂಸು ನಡದ್ರ, ತನ್ನ ಕಾಲಿಂದನ ನಿನ್ನ ಸುತ್ತು ಹಾಕಸ್ತೇನಿ" ಎಂದು ಅವಳು ಹಣಮಪ್ಪನಿಗೆ ಹರಕೆ ಹೊತ್ತಿದ್ದಳು. ಯಾರಿಗಾಗಿ ಹೊತ್ತದ್ದೋ ಅವರು ಸುತ್ತನ್ನೆಲ್ಲ ಸ್ವಂತ ಕಾಲಲ್ಲೇ ಮುಗಿಸಬೇಕು. ಮುಗಿದ ಮೇಲೆ ಹೊತ್ತವರು ಗುಡಿಯ ಮೆಟ್ಟಿಲ ಮೇಲೆ ಅವರ ಕಾಲು ತೊಳೆದು ಒಳಗೆ ಕರೆದೊಯ್ಯಬೇಕು. ಕಟ್ಟಳೆ ಇಷ್ಟೇ.

ಮೊದಲ ದಿನ ನನಗೆ ಆಟವೇ ಆಗಿತ್ತು. ನೆರಳು ಸಿಕ್ಕಲ್ಲೆಲ್ಲ ಐದು ಹರಳು ಹಾಕಿಕೊಂಡು ಆಡಿದೆ. ಅಜ್ಜಿಯ ಗಂಟಿನಲ್ಲಿದ್ದ ಹಚ್ಚಿದ ಅವಲಕ್ಕಿಯ ಇಂಗಿನ ವಾಸನೆ ಹಿಡಿದೇ ದಾರಿ ಸಾಗಿತು. ಎರಡನೆಯ ದಿನ ಅಂಗಾಲಿನಲ್ಲಿ ಗುಳ್ಳೆ ಎದ್ದವು. ಮೂರನೆಯ ದಿನ ಹಾನಗಲ್ಲು ದಾಟಿ ನಮ್ಮೂರ ದಾರಿ ಹಿಡಿಯುವಷ್ಟರಲ್ಲಿ ಹಣಮಪ್ಪನೂ ಬೇಡ, ಅವಲಕ್ಕಿಯೂ ಬೇಡ ಅನ್ನಿಸಿತ್ತು. ಹೆಂಗಸರ ಹಾಡು ನಿಂತು ಎಷ್ಟೋ ಹೊತ್ತಾಗಿತ್ತು. ನಾನು ಹಿಂದೆ ಬಿದ್ದೆ.

ಹುಲ್ಲು ಹೇರಿದ ಚಕ್ಕಡಿಯೊಂದು ಪಕ್ಕಕ್ಕೆ ಬಂದು ನಿಂತಿತು. "ಯಾಕವಾ ತಂಗಿ, ಕುಂಟಾಕತ್ತೀಯಲ್ಲ? ಹತ್ತು" ಎಂದ ಎತ್ತು ಹೊಡೆಯುತ್ತಿದ್ದ ಮುದುಕ.

ಹತ್ತಿಬಿಟ್ಟೆ. ಹೆಂಗಸರನ್ನು ದಾಟುವಾಗ ಹುಲ್ಲಿನಲ್ಲಿ ಮುಖ ಹುದುಗಿಸಿದೆ. ಊರ ಹೊರಗಿನ ಅಕ್ಕಿ ಗಿರಣಿಯ ಹತ್ತಿರ ಇಳಿದು, ಏನೂ ಅರಿಯದವಳ ಹಾಗೆ ಹುಣಸೆ ಗಿಡದ ಕೆಳಗೆ ಕುಳಿತೆ. ಅಜ್ಜಿ ಏದುಸಿರು ಬಿಡುತ್ತ ಬಂದಳು.

"ನಾ ಹಿಂದ ಹಿಂದ ನೋಡಿಕೋತ ಬರಾಕತ್ತೇನಿ, ನೀ ಮುಂದ ಹೆಂಗ ಬಂದಿ?"

"ಹೊಲದಾಗಿಂದ ಓಡಿ ಬಂದೆ."

ಅವಳು ನನ್ನ ಜಡೆಯಿಂದ ಏನೋ ತೆಗೆದು ಎಸೆದಳು. ಕೈ ಹಿಡಿದು ಗುಡಿಯ ಕಡೆ ನಡೆಸಿದಳು.

ಗುಡಿಯ ಮೆಟ್ಟಿಲ ಮೇಲೆ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ತಂಬಿಗೆ ಎತ್ತಿ ಹಿಡಿದು, ಬಗ್ಗಿಸದೆ ಹಾಗೇ ಕುಳಿತಳು. "ನೀರು ಹಾಕ್ಲೇನು?" ಎಂದಳು.

ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. "ಬ್ಯಾಡ ಅಜ್ಜಿ. ಚಕ್ಕಡಿ ಹತ್ತಿದ್ದೆ."

ಬೈಯುತ್ತಾಳೆಂದು ಕಣ್ಣು ಮುಚ್ಚಿಕೊಂಡೆ. ಅವಳು ತಂಬಿಗೆ ಕೆಳಗಿಟ್ಟು, ಗೋಡೆ ಹಿಡಿದು ಮೇಲೆದ್ದಳು. "ಏಳು. ಎಲ್ಲಿ ಕಾಲು ಎತ್ತಿದ್ಯೋ ಅಲ್ಲೇ ಊರಬೇಕು."

"ನಾಳೆ ಹೋದ್ರ ಆತ್ರಿ, ಕುಂತ್ಕೊಳ್ರಿ" ಎಂದು ಉಳಿದವರು ಹೇಳಿದರು. ನಾನೂ ಅಳುತ್ತ ಹೇಳಿದೆ: "ನೀ ಇಲ್ಲೇ ಕೂಡು, ನಾ ಒಬ್ಬಾಕಿನ ಹೋಗಿ ಬರ್ತೇನಿ."

"ಹರಕಿ ಹೊತ್ತಾಕಿ ನಾನಲ್ಲೇನು? ನಡಿ."

ಸುತ್ತಿನ ಒಂದು ಹೆಜ್ಜೆಯನ್ನೂ ಬಿಡದ ಅಜ್ಜಿ, ನಾನು ತಪ್ಪಿಸಿದ ದಾರಿಯನ್ನು ನನ್ನ ಜೊತೆ ಹಿಂದಕ್ಕೂ ನಡೆದಳು, ಮತ್ತೆ ಮುಂದಕ್ಕೂ ನಡೆದಳು. ಹೊತ್ತು ಇಳಿಯುತ್ತಿತ್ತು. ಗಂಟಿನ ತಳದಲ್ಲಿ ಉಳಿದಿದ್ದ ಅವಲಕ್ಕಿಯ ಪುಡಿಯನ್ನು ನನ್ನ ಅಂಗೈಗೆ ಹಾಕಿದಳು. ಅರ್ಧ ದಾರಿಯಲ್ಲಿ ಮೆಲ್ಲಗೆ ಕೇಳಿದಳು: "ಹುಲ್ಲು ಮೆತ್ತಗಿತ್ತೇನು?"

"ಮೆತ್ತಗಿತ್ತು."

"ಆ ಚಕ್ಕಡಿ ನೋಡಿ ನನಗೂ ಮನಸಾಗಿತ್ತು, ಖೋಡಿ" ಎಂದಳು. ಇಬ್ಬರೂ ನಕ್ಕೆವು. ನಗುವುದಕ್ಕೂ ತ್ರಾಣವಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮೆಟ್ಟಿಲು ಮುಟ್ಟಿದೆವು. ಅವಳು ನೀರು ಹಾಕಿದಾಗ ನನ್ನ ಕಾಲಿನಿಂದ ಕೆಂಪು ಮಣ್ಣು ಇಳಿಯಿತು. ಯಾರೂ ಹೇಳದೆ ನಾನೂ ಅವಳ ಕಾಲಿಗೆ ನೀರು ಹಾಕಿದೆ. ಒಡೆದ ಹಿಮ್ಮಡಿಯಿಂದ ರಕ್ತವೂ ಬಂತು.

ಅಜ್ಜಿ ಹೋಗಿ ಬಹಳ ವರ್ಷಗಳಾದವು. ಆ ಚಕ್ಕಡಿಯ ದಾರಿ ಡಾಂಬರಾಗಿದೆ, ಐದು ಹಣಮಪ್ಪನ ಸುತ್ತು ಟೆಂಪೋದಲ್ಲಿ ಊಟದ ಹೊತ್ತಿಗೆ ಮುಗಿಯುತ್ತದೆ. ಕಳೆದ ಸುಗ್ಗಿ ಮುಗಿದ ಮೇಲೆ ನಾನೂ ಹೋಗಿದ್ದೆ, ಕಿಟಕಿ ಪಕ್ಕದ ಸೀಟು ಹಿಡಿದು. ಯಾರನ್ನೂ ದೂರುವುದಿಲ್ಲ, ನನ್ನ ಮೊಣಕಾಲಿಗೆ ಅಷ್ಟೇ ಆಗುವುದು. ಕೊನೆಗೆ ಅದೇ ಮೆಟ್ಟಿಲ ಮೇಲೆ ಕುಳಿತು ಕಾಲಿಗೆ ನೀರು ಹಾಕಿಕೊಂಡೆ. ನೀರು ತಂಬಿಗೆಯಲ್ಲಿ ಹೇಗಿತ್ತೋ ಹಾಗೇ ತಿಳಿಯಾಗಿ ಹರಿದುಹೋಯಿತು. ಎಲ್ಲಿ ಕಾಲು ಎತ್ತಿದೆನೆಂದು ನನಗೆ ಗೊತ್ತಿದೆ. ಅಲ್ಲಿಯವರೆಗೆ ನನ್ನ ಜೊತೆ ಹಿಂದಕ್ಕೆ ನಡೆದು ಬರುವವಳು ಇಲ್ಲ.